ವರ್ನಾ ಕಟ್ಟಿದ ಕಿತ್ತಳೆ ಪಟ್ಟಿಗಳು

ವರ್ನಾ ಬಿಂಗಮನ್ ನಮ್ಮೂರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ದುಡಿದವಳು. ಪೆನ್ಸಿಲ್ವೇನಿಯಾದ ಈ ಕಣಿವೆಯಲ್ಲಿ ಅವಳ ಕೈಯ ಕೋಳಿ-ಜೋಳದ ಸೂಪು ಕುಡಿಯದೆ ಬೆಳೆದವರು ಕಡಿಮೆ. ಶನಿವಾರ ಅವಳನ್ನು ನೋಡಬೇಕೆಂದರೆ ಮಾತ್ರ ಹೊಳೆಗೇ ಹೋಗಬೇಕಿತ್ತು. ತೊಡೆಯವರೆಗಿನ ರಬ್ಬರ್ ಬೂಟು ಹಾಕಿಕೊಂಡು, ಅಪ್ಪ ಬಿಟ್ಟುಹೋದ ಬಿದಿರಿನ ಗಾಳದ ಕೋಲು ಹಿಡಿದು, ಕೊಂಬೆಗೆ ಸಿಕ್ಕಿಕೊಂಡ ದಾರವನ್ನು ಬೈಯುತ್ತ ನಿಂತಿರುತ್ತಿದ್ದಳು. ನಾನು ಸೇತುವೆಯ ಪಕ್ಕದಲ್ಲಿ ಪೆಟ್ರೋಲ್ ಬಂಕು, ಅದಕ್ಕೆ ಅಂಟಿದ ಸಣ್ಣ ಅಂಗಡಿ ಇಟ್ಟುಕೊಂಡವನು. ಅವಳ ಜೊತೆ ಟ್ರೌಟ್ ಮೀನು ಹಿಡಿಯಲು ಹೋಗುತ್ತ ಇಪ್ಪತ್ತು ವರ್ಷ ಆಗಿತ್ತು.

ಒಂದು ನವೆಂಬರಿನಲ್ಲಿ ನಾವಿಬ್ಬರೂ ಎಂದಿನ ಜಾಗದಲ್ಲೇ ಹೊಳೆ ದಾಟುತ್ತಿದ್ದೆವು. ಮಡು ಮುಗಿದು ನೀರು ತೆಳ್ಳಗಾಗುವ ಕಡೆ, ಮೊಣಕಾಲು ಮಟ್ಟದ ನೀರು. ವರ್ನಾಳ ಕಾಲ ಕೆಳಗೆ ನುರುಜುಕಲ್ಲು ಕುಸಿಯಿತು. ಅವಳು ಸಾವರಿಸಿಕೊಂಡು ಕಾಲೆತ್ತಿದಾಗ ಸಬ್ಬಕ್ಕಿಯಂಥ ತಿಳಿ ಕಿತ್ತಳೆ ಕಾಳುಗಳು ಕಲ್ಲುಗಳ ನಡುವಿನಿಂದ ಎದ್ದು ನೀರಿನಲ್ಲಿ ತೇಲಿ ಹೋದವು. ಕೆಳಗಡೆ ಕಾದಿದ್ದ ಸಣ್ಣ ಮೀನುಗಳು ಮುಗಿಬಿದ್ದು ತಿಂದವು.

"ಲೆಸ್ಟರ್, ಇದು ಮೊಟ್ಟೆ ಕಣೋ," ಅಂದಳು. "ಗೂಡಿನ ಮೇಲೇ ಕಾಲಿಟ್ಟಿದೀನಿ."

"ಇನ್ನೇನು ಮಾಡೋಕಾಗುತ್ತೆ, ಬಾ ದಾಟು."

"ಎಷ್ಟು ವರ್ಷದಿಂದ ಇಲ್ಲೇ ದಾಟ್ತಿದೀವಿ ನಾವು?"

ಚಳಿ ಶುರುವಾಗುವಾಗ ಹೆಣ್ಣುಮೀನು ಮಗ್ಗುಲಾಗಿ ಬಾಲ ಬಡಿದು ನುರುಜಿನಲ್ಲಿ ಗುಂಡಿ ತೋಡುತ್ತದೆ, ಮೊಟ್ಟೆಯಿಟ್ಟು ಮತ್ತೆ ಕಲ್ಲು ಮುಚ್ಚುತ್ತದೆ, ವಸಂತದವರೆಗೆ ಮರಿಗಳು ಆ ಕಲ್ಲಿನೊಳಗೇ ಇರುತ್ತವೆ ಎಂಬುದು ನಮಗೆ ಗೊತ್ತಿಲ್ಲದ್ದೇನಲ್ಲ. ಗೊತ್ತಿದ್ದೂ ನೋಡಿಕೊಂಡು ನಡೆದಿರಲಿಲ್ಲ, ಅಷ್ಟೇ.

ಮುಂದಿನ ಅಕ್ಟೋಬರಿನಿಂದ ವರ್ನಾ ಗಾಳ ಬದಿಗಿಟ್ಟು ದಡದ ಮೇಲೆ ಓಡಾಡತೊಡಗಿದಳು. ತಳದಲ್ಲಿ ಪಾಚಿ ಉಜ್ಜಿಹೋಗಿ, ಆಗಷ್ಟೇ ತೊಳೆದಂತೆ ಬಿಳಿಚಿಕೊಂಡ ಮಂಚದಗಲದ ಜಾಗ ಕಂಡಲ್ಲೆಲ್ಲ, ಅದಕ್ಕೆ ನೇರವಾಗಿ ದಡದ ಕೊಂಬೆಗೆ ಒಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಪಟ್ಟಿ ಕಟ್ಟಿದಳು. ಹದಿನಾಲ್ಕು ಪಟ್ಟಿಗಳಾದವು. ಅವಳ ಅಣ್ಣ ಕ್ಲೇರ್ ನನ್ನ ಅಂಗಡಿಯಲ್ಲಿ ಕೂತು ಎಲ್ಲರೆದುರು, "ನನ್ನ ತಂಗಿ ಮೀನಿಗೆ ಹೆರಿಗೆ ಆಸ್ಪತ್ರೆ ತೆಗೆದಿದಾಳೆ, ತೊಟ್ಟಿಲು ಇದ್ರೆ ಕೊಡ್ರಪ್ಪ," ಅಂತ ನಗಿಸುತ್ತಿದ್ದ. ವರ್ನಾ, "ನಿನ್ನ ಹೆರಿಗೆಲಿ ಅಮ್ಮ ಪಟ್ಟ ಪಾಡಿಗೆ ಇದು ಎಷ್ಟೋ ಸುಲಭ," ಅಂದಳು. ಊರಿನವರು ನಕ್ಕರೂ ಪಟ್ಟಿ ಕಂಡಲ್ಲಿ ನೀರಿಗೆ ಇಳಿಯುವುದನ್ನು ಬಿಟ್ಟರು.

ಇಲ್ಲಿಂದ ಮುಂದಿನದು ನನ್ನ ತಪ್ಪು. ಎರಡನೇ ವರ್ಷವೂ ಅಷ್ಟೇ ಪಟ್ಟಿಗಳಾಗಿದ್ದವು. ನವೆಂಬರಿನ ಒಂದು ಶುಕ್ರವಾರ ಪೇಟೆಯ ಕಡೆಯ ಯುವಕನೊಬ್ಬ ಬಂದು ಕಾಫಿ ತೆಗೆದುಕೊಂಡ. ಮರ್ಯಾದಸ್ಥ. ಹೊಳೆ ಹೇಗಿದೆ ಎಂದು ಕೇಳಿದ.

"ಕಿತ್ತಳೆ ಪಟ್ಟಿ ಕಟ್ಟಿರೋ ಕಡೆ ಇಳೀಬೇಡಿ. ಅಲ್ಲಿ ಮೊಟ್ಟೆ ಇಡ್ತಿವೆ," ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಸಾಕಿತ್ತು. ನಮ್ಮ ಹೊಳೆ ಸಾಮಾನ್ಯದ್ದಲ್ಲ ಅಂತ ತೋರಿಸಬೇಕಲ್ಲ. "ಹದಿನಾಲ್ಕು ಕಡೆ ಇವೆ. ಒಂದೊಂದು ಹೆಣ್ಣುಮೀನು ಮೊಳದುದ್ದ," ಅಂತ ಕೈ ಚಾಚಿ ತೋರಿಸಿದೆ.

ಅವನ ಕಣ್ಣು ಅರಳಿದ್ದು ಕಾಣಿಸಿತು. ಅಲ್ಲಿ ಗಾಳವನ್ನೂ ಹಾಕಬೇಡಿ ಅಂತ ಇನ್ನೊಂದು ಮಾತು ಹೇಳಬೇಕು ಅನ್ನಿಸಿತು ಕೂಡ. ಅಷ್ಟರಲ್ಲಿ ಬೇರೆ ಗಿರಾಕಿ ಬಂದರು. ಮರುದಿನ ಬೆಳಿಗ್ಗೆ ಸೇತುವೆಯ ಹತ್ತಿರ ಮೂರು ಕಾರು ನಿಂತಿದ್ದನ್ನು ನೋಡಿಯೂ ನಾನು ಅಂಗಡಿ ಬಿಟ್ಟು ಹೋಗಲಿಲ್ಲ.

ಭಾನುವಾರ ಚರ್ಚು ಮುಗಿಸಿ ವರ್ನಾ ಹೊಳೆಗೆ ಹೋದಳು. ಪಟ್ಟಿ ಇದ್ದ ಕಡೆಯಲ್ಲೆಲ್ಲ ದಡದ ಕೆಸರಿನಲ್ಲಿ ಬೂಟಿನ ಗುರುತು. ನೀರಿನೊಳಗೆ ನುರುಜು ಕಲಸಿಹೋಗಿತ್ತು. ಏಳನೆಯ ಪಟ್ಟಿಯ ಹತ್ತಿರ ಆ ಯುವಕನೇ ಸಿಕ್ಕಿದ.

"ಪಟ್ಟಿ ಕಟ್ಟಿದ್ದು ನೀವಾ ಮೇಡಂ? ತುಂಬ ಉಪಕಾರ ಆಯ್ತು," ಅಂದನಂತೆ. "ಒಂದನ್ನೂ ಕೊಂದಿಲ್ಲ. ಎಲ್ಲಾ ವಾಪಸ್ ಬಿಟ್ಟೆ, ನೋಡಿ." ಫೋನಿನಲ್ಲಿ ಫೋಟೋ ತೋರಿಸಿದ. ಅವನ ಅಂಗೈ ಮೇಲೆ ದಪ್ಪ ಹೊಟ್ಟೆಯ ಮೀನು, ಬೆರಳ ಸಂದಿಯಿಂದ ಮೊಟ್ಟೆಗಳು ಸೋರುತ್ತಿದ್ದವು.

ಅವಳು ಬೈಯಲಿಲ್ಲ. ಸೋರುತ್ತಿರುವುದು ಮೊಟ್ಟೆ, ತುಳಿದದ್ದು ಗೂಡು ಎಂದು ತಿಳಿಸಿ ಹೇಳಿದಳು. ಅವನು ಫೋನು ಒಳಗಿಟ್ಟು ದಾರ ಸುತ್ತಿಕೊಂಡು ಹೋದ. ವರ್ನಾ ಅಂದೇ ಹದಿನಾಲ್ಕೂ ಪಟ್ಟಿಗಳನ್ನು ಬಿಚ್ಚಿ ಅಂಗಡಿಗೆ ತಂದು ನನ್ನ ಕಸದ ಡಬ್ಬಿಗೆ ಹಾಕಿದಳು.

"ನಾನೇ ದಾರಿ ತೋರಿಸಿ ಕರ್ಕೊಂಡು ಹೋದಂಗಾಯ್ತು," ಅಂದಳು.

ನಾನು ಅವಳಿಗೆ ಕಾಫಿ ಬಗ್ಗಿಸಿ, "ಎಲ್ಲಿಂದ ಬರ್ತಾರೋ ಇಂಥವರು," ಅಂದೆ.

ಚಳಿಗಾಲವಿಡೀ ನಾನು ಬಾಯಿ ಬಿಡಲಿಲ್ಲ. ಹೊಸವರ್ಷದ ದಿನ ಅವಳ ಮನೆಯಲ್ಲಿ ಹಂದಿಮಾಂಸ, ಹುಳಿ ಎಲೆಕೋಸು ತಿನ್ನುತ್ತ ಹೇಳಬೇಕೆಂದುಕೊಂಡೆ, ಆಗಲಿಲ್ಲ. ಏಪ್ರಿಲ್ಲಿನಲ್ಲಿ ಮರಿ ನೋಡಲು ಹೋದೆವು. ದಡದಂಚಿನ ನಿಂತ ನೀರಿನಲ್ಲಿ ಸೂಜಿಯಷ್ಟಿರುವ ಮರಿಗಳು ಗುಂಪುಗುಂಪಾಗಿ ಇರಬೇಕಿತ್ತು. ಎರಡು ಗಂಟೆ ಹುಡುಕಿದ ಮೇಲೆ ಒಂದು ಕಡೆ ನಾಲ್ಕೈದು ಕಂಡವು. ವರ್ನಾ ಮಂಡಿಯೂರಿ ನೋಡುತ್ತಲೇ ಇದ್ದಳು. ಆ ಯುವಕನಿಗೆ ಪಟ್ಟಿಗಳ ವಿಷಯ ಹೇಳಿದ್ದು ನಾನೇ ಎಂದು ಆಗ ಹೇಳಿದೆ.

"ಗೊತ್ತು. ಬಂಕಿನವರು ಹೇಳಿದ್ರು ಅಂತ ಆ ಹುಡುಗ ಅವತ್ತೇ ಅಂದ."

"ಮತ್ತೆ ಯಾಕೆ ಕೇಳ್ಲಿಲ್ಲ ನೀನು?"

"ಏನಂತ ಕೇಳ್ಲಿ? ಪಟ್ಟಿ ಕಟ್ಟಿದ್ದು ನಾನು, ಅಪ್ಪನ ಜೊತೆ ಇದೇ ಮೀನುಗಳನ್ನ ಇದೇ ತಿಂಗಳಲ್ಲಿ ಹಿಡಿದು ಬುಟ್ಟಿಗೆ ತುಂಬಿದ್ದೂ ನಾನು." ಎದ್ದು ಮಂಡಿಯ ಮಣ್ಣು ಒರೆಸಿಕೊಂಡಳು. "ಆದ್ರೆ ನೀನು ಕಾಫಿ ಕೊಡ್ತಾ ಆ ಹುಡುಗನ್ನ ಬೈದೆಯಲ್ಲ ಲೆಸ್ಟರ್, ಅದು ನನಗೆ ಹಿಡಿಸಲಿಲ್ಲ."

ಕಾರಿನವರೆಗೆ ಅವಳು ಮುಂದೆ, ನಾನು ಹಿಂದೆ ನಡೆದೆವು.

ಆ ಅಕ್ಟೋಬರಿನಲ್ಲಿ ಪಟ್ಟಿ ಕಟ್ಟಲಿಲ್ಲ. ಶಾಲೆಯಿಂದ ಆಗಷ್ಟೇ ನಿವೃತ್ತಳಾಗಿದ್ದ ವರ್ನಾ ಮಡಚುಕುರ್ಚಿ ಹಾಕಿಕೊಂಡು ಸೇತುವೆಯ ಮೇಲೆ ಕೂತಳು. ಗಾಳ ಹಿಡಿದು ಬಂದವರನ್ನೆಲ್ಲ ಕಟಕಟೆಯ ಹತ್ತಿರ ಕರೆದು ಕೆಳಗೆ ಬೆರಳು ಮಾಡಿ, "ಬಿಳಿಚಿರೋ ಜಾಗ ಕಾಣ್ತಾ? ನೀವೇ ಹುಡುಕಿ," ಎನ್ನುತ್ತಿದ್ದಳು. ಕಾಣುವವರೆಗೆ ಬಿಡುತ್ತಿರಲಿಲ್ಲ. ಕಂಡ ಮೇಲೆ ದಡದ ಮೇಲೇ ನಡೆಯಬೇಕು, ಅಲ್ಲಿರುವ ಮೀನಿಗೆ ಗಾಳ ಹಾಕಬಾರದು ಎಂದು ಹೇಳಿ ಕಳಿಸುತ್ತಿದ್ದಳು. ಕೆಲವರು ಕೇಳಿದರು, ಕೆಲವರು ಮುದುಕಿಗೆ ಬೇರೆ ಕೆಲಸವಿಲ್ಲ ಎಂದು ಇಳಿದೇಬಿಟ್ಟರು. ಶನಿವಾರಗಳಂದು ನಾನು ಅಂಗಡಿ ಮುಚ್ಚಿ ಹೊಳೆಯ ಕೆಳಗಿನ ತಿರುವಿನಲ್ಲಿ ಅದೇ ಕೆಲಸಕ್ಕೆ ನಿಲ್ಲತೊಡಗಿದೆ. ಅವಳು ಬಾ ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ.

ಆ ವರ್ಷ ಒಂಬತ್ತು ಗೂಡುಗಳಿದ್ದವು. ಹೋದ ವರ್ಷ ಹನ್ನೊಂದು. ಅಕ್ಟೋಬರಿನಿಂದ ಏಪ್ರಿಲ್ ಮುಗಿಯುವವರೆಗೆ ಅವಳೂ ನಾನೂ ನೀರಿಗೆ ಕಾಲಿಡುವುದಿಲ್ಲ. ಮೇ ತಿಂಗಳು ಬಂದರೆ ಮತ್ತೆ ಒಟ್ಟಿಗೆ ಹೋಗುತ್ತೇವೆ. ಅವಳು ಮೇಲಿನ ಮಡುವಿನಲ್ಲಿ, ನಾನು ಕೆಳಗಿನದರಲ್ಲಿ. ಮೊದಲಿನಷ್ಟು ಮಾತಿಲ್ಲ.