ನಾಲ್ಕು ಕಂಬದ ಉಸಿರು

ಕುಣಿಗಲ್ ದೊಡ್ಡಕೆರೆಯ ಏರಿಯ ಮೇಲೆ ಬೆಳಗ್ಗೆ ವಾಕಿಂಗ್ ಹೋಗುವವರಿಗೆಲ್ಲ ವೀರಭದ್ರಯ್ಯನವರ ಮುಖ ಗೊತ್ತಿತ್ತು. ಅರವತ್ತೆರಡು ವಯಸ್ಸು, ಹಣೆಯ ಮೇಲೆ ಮೂರು ಬೆರಳ ವಿಭೂತಿ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಒಂದು ದೀಪದ ಕಂಬದ ಹತ್ತಿರ ನಿಂತು ಎದೆ ತುಂಬ ಗಾಳಿ ಎಳೆದುಕೊಂಡು, 'ಕಬಡ್ಡಿ ಕಬಡ್ಡಿ ಕಬಡ್ಡಿ' ಎನ್ನುತ್ತ ಬಿರಬಿರನೆ ಹೊರಡುತ್ತಿದ್ದರು. ಉಸಿರು ಮುಗಿದ ಕಡೆ ನಿಂತು, ದಾಟಿದ ಕಂಬ ಎಣಿಸಿ, ಮಂಡಿಗೆ ಕೈಕೊಟ್ಟು ಬಾಗಿ ಏದುಸಿರು ಬಿಡುತ್ತಿದ್ದರು. ಎದುರಿಗೆ ಬಂದವರು ನಗು ನುಂಗಿಕೊಂಡು ದಾರಿ ಬಿಡುತ್ತಿದ್ದರೇ ಹೊರತು ಯಾಕೆ ಹೀಗೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು.

ವೀರಭದ್ರಯ್ಯ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಅದಕ್ಕಿಂತ ಹೆಚ್ಚಾಗಿ, ಇಲಾಖೆಯ ಕಬಡ್ಡಿ ತಂಡದ ರೈಡರ್. ಎದುರಾಳಿಯ ಅಂಕಣಕ್ಕೆ ಒಬ್ಬರೇ ನುಗ್ಗಿ, ಏಳು ಜನರ ನಡುವೆ ಒಂದೇ ಉಸಿರಿನಲ್ಲಿ ಆಡಿ, ಮುಟ್ಟಿ, ಗೆರೆಯ ಈಚೆ ಬಂದು ಬೀಳಬೇಕು. ಎಲ್ಲ ಸೇರಿ ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ಅವರನ್ನು ಹಿಡಿದು ನಿಲ್ಲಿಸುವವರು ಜಿಲ್ಲೆಯಲ್ಲಿ ಹೆಚ್ಚು ಜನ ಇರಲಿಲ್ಲ. ವಯಸ್ಸಾದ ಮೇಲೆ ರೆಫರಿಯಾದರು. ಮಕ್ಕಳಾಗಲಿಲ್ಲ. ಮೂರು ವರ್ಷದ ಹಿಂದೆ ಹೆಂಡತಿ ರೇವಮ್ಮ ತೀರಿಕೊಂಡ ಮೇಲೆ ಅವರಿಗೆ ಉಳಿದಿದ್ದು ರೆಫರಿಯ ಆ ಸೀಟಿ ಒಂದೇ. ಸೀಟಿ ಊದಿದರೆ ಹದಿನಾಲ್ಕು ಜನ ತಿರುಗಿ ನೋಡುತ್ತಿದ್ದರು, ಯಾರಾದರೊಬ್ಬ 'ಸರ್, ಔಟಾ?' ಎನ್ನುತ್ತಿದ್ದ. ಇಡೀ ವಾರದಲ್ಲಿ ಅವರನ್ನು ಯಾರಾದರೂ ಏನಾದರೂ ಕೇಳುತ್ತಿದ್ದರೆ ಅದಿಷ್ಟೇ.

ಅಂಥವರು ಹಿಂದಿನ ವರ್ಷ ಗುಬ್ಬಿಯ ಪಂದ್ಯದಲ್ಲಿ, ಸೀಟಿ ಬಾಯಲ್ಲಿರುವಾಗಲೇ ಎದೆ ಹಿಡಿದುಕೊಂಡು ಕುಸಿದರು. ತುಮಕೂರಿಗೆ ಸಾಗಿಸಿ ಸ್ಟೆಂಟ್ ಹಾಕಿಸಿದ್ದಾಯಿತು. ಈ ವರ್ಷದ ಪಂದ್ಯಕ್ಕೆ ಇನ್ನು ನಾಲ್ಕು ತಿಂಗಳಿರುವಾಗ ಅದನ್ನು ನಡೆಸುವ ಜಯಪ್ರಕಾಶ್ ಫೋನ್ ಮಾಡಿದ. 'ಬೇಜಾರ್ ಮಾಡ್ಕೋಬೇಡಿ ಸರ್. ಆಸ್ಪತ್ರೆಯಿಂದ ಫಿಟ್ ಅಂತ ಒಂದ್ ಲೆಟರ್ ತಂದ್ಬುಡಿ. ಇಲ್ದಿದ್ರೆ ಈ ಸಲ ಬೇರೆಯವ್ರಿಗೆ ಹೇಳ್ತೀವಿ.'

ಕಂಬ ಎಣಿಸುವುದು ಆ ಲೆಟರಿಗಾಗಿ.

ತುಮಕೂರಿನ ಶಿರಾ ಗೇಟ್ ಹತ್ತಿರದ ಆಸ್ಪತ್ರೆಯಲ್ಲಿ ಹೃದಯದ ರೋಗಿಗಳಿಗೆ ವ್ಯಾಯಾಮ ಹೇಳಿಕೊಡುವ ಭೂಮಿಕಾ ಎಂಬ ಹುಡುಗಿ ಮೊದಲ ದಿನವೇ ಅಳತೆ ಕೊಟ್ಟಿದ್ದಳು. 'ಅಂಕಲ್, ನಡೀವಾಗ ಮಾತಾಡೋಕಾಗ್ಬೇಕು, ಹಾಡೋಕಾಗ್ಬಾರ್ದು. ಅಷ್ಟು ಸ್ಪೀಡ್ ಸಾಕು.' ವೀರಭದ್ರಯ್ಯ ತಲೆಯಾಡಿಸಿ ಬಂದರು. ಮಾತು ಬೆಳ್ಳಿ, ಮೌನ ಬಂಗಾರ ಎಂದು ನಂಬಿ ಜೀವನವಿಡೀ ಬಂಗಾರವನ್ನೇ ಕೂಡಿಟ್ಟ ಮನುಷ್ಯ. ಕಾಲಾಡಿಸುತ್ತ ಬಾಯಿಂದ ಹೊರಡಿಸಿ ಗೊತ್ತಿದ್ದ ಮಾತು ಅವರಿಗೆ ಒಂದೇ ಒಂದು. ಅದನ್ನೇ ಆಡಿದರು. ಮೊದಲ ವಾರ ಎರಡು ಕಂಬ, ತಿಂಗಳಾಗುವಷ್ಟರಲ್ಲಿ ನಾಲ್ಕು.

ಬೀಗುತ್ತ ಹೋಗಿ ಭೂಮಿಕಾಳಿಗೆ ಹೇಳಿದರು. ಅವಳು ಬಿಪಿ ನೋಡಿದಳು, ಅವರ ಮುಖ ನೋಡಿದಳು, ತಲೆಯ ಮೇಲೆ ಕೈ ಹೊತ್ತು ಕೂತಳು.

'ಉಸಿರು ಹಿಡೀರಿ ಅಂದವ್ರ್ಯಾರು ಅಂಕಲ್ ನಿಮ್ಗೆ? ಮನೇಲಿ ನೀರೊಲೆ ಇದ್ಯಾ?'

'ಇದೆ.'

'ಒಣಗಿದ ತೆಂಗಿನ ಗರಿ ಹಾಕಿದ್ರೆ ಏನಾಗುತ್ತೆ?'

'ಭಗ್ಗಂತ ಹತ್ಕೊಂಡು ಆರೋಗುತ್ತೆ.'

'ನಿಮ್ ಕಬಡ್ಡಿ ಅದೇ. ಉಸಿರಿಗೆ ಕಾಯದೆ ಮೈಯಲ್ಲಿರೋದನ್ನೇ ಉರಿಸ್ಬಿಡೋದು. ಅನೇರೋಬಿಕ್ ಅಂತೀವಿ. ಈಗ ನಿಮ್ ಹಾರ್ಟಿಗೆ ಬೇಕಾಗಿರೋದು ಹುಣಸೆ ಸೌದೆ. ಗಾಳಿ ಆಡ್ಕೊಂಡು, ನಿಧಾನಕ್ಕೆ, ಹಂಡೆ ನೀರು ಕಾಯೋವರ್ಗೂ ಉರೀಬೇಕು. ಅದು ಏರೋಬಿಕ್. ಪಕ್ಕದಲ್ಲಿರೋರ ಜೊತೆ ಮಾತಾಡ್ಕೊಂಡು ನಡೀರಿ ಅಂತ ನಾನ್ ಹೇಳಿದ್ದು. ಯಾರ್ ಜೊತೆ ವಾಕಿಂಗ್ ಹೋಗ್ತೀರಾ?'

'ಯಾರೂ ಇಲ್ಲ ಕಣಮ್ಮ' ಎಂದರು.

'ಯಾರನ್ನಾದ್ರೂ ಕರ್ಕೊಳ್ಳಿ. ಎರಡು ತಿಂಗಳಾದ್ಮೇಲೆ ನಾನೇ ನಡೆಸಿ ನೋಡ್ತೀನಿ. ಹತ್ತು ನಿಮಿಷ ಮಾತು ಕಡೀಬಾರ್ದು. ಆಗ ಡಾಕ್ಟ್ರ ಹತ್ರ ಲೆಟರಿಗೆ ಸೈನ್ ಹಾಕಿಸ್ತೀನಿ.'

ಕರೆದುಕೊಳ್ಳಲು ಹಳೆಯ ತಂಡದ ಶಿವರಾಮಯ್ಯ ಇದ್ದ. 'ಏನ್ಲಾ ಭದ್ರ, ಇಷ್ಟ್ ವರ್ಷಕ್ಕೆ ಈಗ ನೆಪ್ಪಾದ್ನಾ ನಾನು?' ಎಂದು ಎರಡು ದಿನ ಬಂದ. ಮೂರನೆಯ ದಿನ ಮಂಡಿನೋವು ಎಂದ. ಮಂಡಿನೋವು ನಿಜವೇ. ಎರಡೂ ದಿನ ಶಿವರಾಮಯ್ಯನೊಬ್ಬನೇ ಮಾತಾಡಿದ್ದು, ಇವರು ಬರೀ 'ಹೂಂ' ಅಂದಿದ್ದು, ಅದೂ ನಿಜ. ಗೋಡೆಯ ಜೊತೆ ಯಾರು ಎಷ್ಟು ದಿನ ಮಾತಾಡಿಯಾರು?

ಮತ್ತೆ ಒಬ್ಬರೇ ನಡೆದರು. ನಿಧಾನಕ್ಕೆ ನಡೆಯುವುದು ಅವರಿಗೆ ಬಾರದ ವಿದ್ಯೆ. ಏರಿಯ ನಡುಮಧ್ಯದ ಚಪ್ಪಡಿ ಕಲ್ಲಿನ ಹತ್ತಿರ ಬಂದಾಗ ರೇವಮ್ಮನ ನಡಿಗೆ ನೆನಪಾಯಿತು. ಮೂವತ್ತನಾಲ್ಕು ವರ್ಷ, ಸಂಜೆ ಏರಿಗೆ ಬಂದಾಗಲೆಲ್ಲ ಇವರು ಹತ್ತು ಮಾರು ಮುಂದೆ, ಆಕೆ ಹಿಂದೆ. ಹಿಂದಿನಿಂದಲೇ ಮಾತಾಡಿಕೊಂಡು ಬರುತ್ತಿದ್ದಳು. ಹಾಲಿನವನು ಲೇಟಾಗಿ ಬಂದ, ಹುತ್ರಿದುರ್ಗದ ಅಕ್ಕನ ಮನೆಯಲ್ಲಿ ಎಮ್ಮೆ ಕರು ಹಾಕಿದೆಯಂತೆ, ಸಂತೆಗೆ ಸೊಗಡಿನ ಅವರೆಕಾಯಿ ಬಂದಿದೆ. ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು. ಈ ಕಲ್ಲಿನ ಹತ್ತಿರ ಬಂದಾಗ ಸಾಕಾಗಿ, 'ನೀವ್ ಹೋಗ್ಬನ್ನಿ, ನಾನಿಲ್ಲೇ ಕೂತಿರ್ತೀನಿ' ಎನ್ನುತ್ತಿದ್ದಳು. ಇವರು ಒಬ್ಬರೇ ಏರಿಯ ತುದಿ ಮುಟ್ಟಿ ಬರುತ್ತಿದ್ದರು. ಒಮ್ಮೆಯಾದರೂ ತಿರುಗಿ 'ಏನಂದೆ?' ಎಂದು ಕೇಳಿದ್ದು ಅವರಿಗೆ ಜ್ಞಾಪಕವಿಲ್ಲ.

ಭೂಮಿಕಾ ಹೇಳಿದ ಅಳತೆ ಅದೇ ತಾನೇ, ಮಾತಾಡುತ್ತ ನಡೆಯುವಷ್ಟು ನಡಿಗೆ? ಆಕೆ ಅಷ್ಟೂ ವರ್ಷ ಸರಿಯಾಗಿಯೇ ನಡೆದಿದ್ದಳು. ತಪ್ಪಾಗಿ ನಡೆದವರು ತಾವು. ಇದು ಹೊಳೆದಾಗ ವೀರಭದ್ರಯ್ಯ ನಡಿಗೆ ನಿಧಾನ ಮಾಡಿದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಎಡಗಡೆ ಒಬ್ಬರು ನಡೆಯುವಷ್ಟು ಜಾಗ ಬಿಟ್ಟು, ಮೆಲ್ಲಗೆ ಬಾಯಿಬಿಟ್ಟರು.

'ಹಾಲಿನವ್ನು ಈಗ್ಲೂ ಲೇಟಾಗೇ ಬರ್ತಾನೆ ಕಣೇ.'

ಎರಡು ತಿಂಗಳು ಹೀಗೇ ನಡೆಯಿತು. ಮೊದಲು ಕಬಡ್ಡಿ ಅನ್ನುತ್ತಿದ್ದ ಮನುಷ್ಯ ಈಗ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುತ್ತಾನೆ ಎಂದು ವಾಕಿಂಗಿನವರು ಇನ್ನೂ ಸ್ವಲ್ಪ ದೂರ ಸರಿದು ದಾರಿ ಬಿಟ್ಟರು. ಹುಚ್ಚು ಎಂದುಕೊಂಡರೆ ಎಂದುಕೊಳ್ಳಲಿ, ಆಡಬೇಕಾದ ಕಾಲದಲ್ಲಿ ಆಡದೆ ಉಳಿಸಿದ್ದು ಮೂವತ್ತನಾಲ್ಕು ವರ್ಷದ ಮಾತು.

ಪರೀಕ್ಷೆಯ ದಿನ ಭೂಮಿಕಾ ಅವರ ಬೆರಳಿಗೆ ನಾಡಿ ಬಡಿತ ನೋಡುವ ಕ್ಲಿಪ್ ಸಿಕ್ಕಿಸಿ, ಆಸ್ಪತ್ರೆಯ ಉದ್ದನೆಯ ವರಾಂಡದಲ್ಲಿ ಅವರ ಎಡಕ್ಕೆ ನಡೆದಳು. 'ಏನಾದ್ರೂ ಮಾತಾಡಿ ಅಂಕಲ್' ಎಂದಳು. ಅವರು ಶುರುಮಾಡಿದರು. ಕಂಬ ಹತ್ತಿದಾಗ ಸಿಕ್ಕ ಹಕ್ಕಿಗೂಡು, ಗುಬ್ಬಿಯ ಮೈದಾನ, ಹುತ್ರಿದುರ್ಗದ ಎಮ್ಮೆ. ಒಂದೊಂದು ವಿಷಯ ಮುಗಿದಾಗಲೂ ಭೂಮಿಕಾ 'ಆಮೇಲೆ?' ಎಂದಳು. ನಾಲ್ಕು ಸಲ ಎಂದಳು, ವೀರಭದ್ರಯ್ಯ ಅದನ್ನು ಎಣಿಸಿದ್ದರು. ಹತ್ತು ನಿಮಿಷ ಹದಿನೈದಾದರೂ ಉಸಿರು ಎಲ್ಲೂ ಕಡಿಯಲಿಲ್ಲ.

'ಸೂಪರ್ ಅಂಕಲ್. ಹೋಗಿ ಸೀಟಿ ಊದಿ' ಎಂದು ಡಾಕ್ಟರ ಸಹಿ ಹಾಕಿಸಿದ ಲೆಟರ್ ಕೈಗಿಟ್ಟಳು. ವೀರಭದ್ರಯ್ಯ ಅದನ್ನು ಜೇಬಿನಲ್ಲಿಟ್ಟುಕೊಂಡು ಅಲ್ಲೇ ನಿಂತರು.

'ಮತ್ತೆ ಯಾವಾಗ ಬರ್ಲಮ್ಮ?'

'ಬರೋದೇ ಬೇಡ ಅಂಕಲ್. ನೀವೀಗ ಫಿಟ್.' ನಗುತ್ತಲೇ ಹೇಳಿ ಅವಳು ಮುಂದಿನವರ ಹೆಸರು ಕೂಗಿದಳು.

ಸಂಜೆ ಕುಣಿಗಲ್ಲಿನಲ್ಲಿ ಬಸ್ಸಿಳಿದವರು ಮನೆಗೆ ಹೋಗದೆ ಏರಿಗೆ ಹೋದರು. ಎಡಗಡೆ ಜಾಗ ಬಿಟ್ಟುಕೊಂಡು, ಲೆಟರ್ ಸಿಕ್ಕಿದ್ದು, ಗುಬ್ಬಿಗೆ ಹೋಗುವುದು, ಎಲ್ಲ ಹೇಳುತ್ತ ನಡೆದರು. ಚಪ್ಪಡಿ ಕಲ್ಲಿನ ಹತ್ತಿರ ವಿಷಯ ಮುಗಿಯಿತು. 'ಆಮೇಲೆ?' ಎಂದು ಯಾರಾದರೂ ಕೇಳುತ್ತಾರೇನೋ ಎಂಬಂತೆ ಸ್ವಲ್ಪ ಹೊತ್ತು ನಿಂತರು. ಏರಿ ಇನ್ನೂ ಅರ್ಧ ಇತ್ತು, ಕಾಲಿನಲ್ಲಿ ಶಕ್ತಿಯೂ ಇತ್ತು.

'ನಾನೂ ಇಲ್ಲೇ ಕೂತ್ಕೋತೀನಿ ಬುಡು' ಎಂದು, ಕಲ್ಲಿನ ಬಲತುದಿಗೆ ಸರಿದು ಕೂತರು.