ಟೈಲರು ಬರೆದ ಅರ್ಧ ಮುಖ

ನಮ್ಮ ಬೀದಿಯ ಟೈಲರನ ಹೆಂಡತಿ ಮಾತಿನಲ್ಲಿ ಎತ್ತಿದ ಕೈ. ಅಂಗಡಿಯಲ್ಲಿ ಕತ್ತರಿ ಅವನದು, ಬಾಯಿ ಅವಳದು. ಹೇಳಿದ ದಿನ ಬಟ್ಟೆ ತಯಾರಿಲ್ಲ ಅಂತ ಗಿರಾಕಿ ಸಿಡಿಮಿಡಿಗೊಂಡು ಬಂದರೆ ಈ ಮಹಾಶಯ ಮಿಷನ್ನಿನ ಹಿಂದೆ ತಲೆ ತಗ್ಗಿಸುತ್ತಿದ್ದ. ಅವಳೇ ಮುಂದೆ ಬಂದು, "ನಾಳೆ ಖಂಡಿತ" ಅಂತ ನಗಿಸಿ ಸಾಗಹಾಕುತ್ತಿದ್ದಳು. ಇಪ್ಪತ್ತಾರು ವರ್ಷ ಹೀಗೇ ನಡೆಯಿತು.

ಒಂದು ಬೆಳಗ್ಗೆ ಗುಂಡಿ ಹಚ್ಚುತ್ತಾ ಕೂತವಳು ಕೂತಲ್ಲೇ ಪಕ್ಕಕ್ಕೆ ವಾಲಿದಳು. ಮೆದುಳಲ್ಲಿ ರಕ್ತ ಹೆಪ್ಪುಗಟ್ಟಿತ್ತಂತೆ. ಜೀವವೇನೋ ಉಳಿಯಿತು. ಆದರೆ ಬಲಗೈ, ಬಲಗಾಲು ಬಿದ್ದುಹೋದವು, ಮುಖದ ಬಲಭಾಗ ಜೋತುಬಿತ್ತು. ಅಷ್ಟೊಂದು ಮಾತಿನಲ್ಲಿ ಉಳಿದದ್ದು ಒಂದೇ ಒಂದು: "ನಾಳೆ". ನೀರು ಬೇಕಾದರೂ ನಾಳೆ, ಚಳಿಯಾದರೂ ನಾಳೆ. ನಾವು ಆಡಿದ್ದೂ ಅವಳ ತಲೆಗೆ ಅರ್ಧಂಬರ್ಧ ಹೋಗುತ್ತಿತ್ತು. ಇವನು ನೀರು ತಂದರೆ ಬೇಡ, ಹೊದಿಕೆ ತಂದರೆ ಬೇಡ, ಕೊನೆಗೆ ಸಿಟ್ಟು ತಡೆಯಲಾರದೆ ಅಳುವಳು. ಪಾಪ, ಇವನೂ ಜೊತೆಗೆ ಕೂತು ಅಳುವನು.

ಮಾತು ಕಲಿಸುವ ಡಾಕ್ಟರು, "ಚಿತ್ರ ತೋರಿಸಿ, ಬೆರಳಿಟ್ಟು ಹೇಳ್ತಾರೆ" ಅಂದರು. ಮಗಳು ಪೇಟೆಯಿಂದ ಮಕ್ಕಳ ಚಿತ್ರದ ಕಾರ್ಡು ತಂದಳು. ಸೇಬು, ವಿಮಾನ, ಆನೆ.

"ನಮ್ಮನೇಲಿ ಆನೆ ಯಾರಿಗಮ್ಮಾ ಬೇಕು?" ಅಂದ ಟೈಲರು. "ಅವಳ ಲೋಟ ಬೇಕು, ಅವಳ ಕಿಟಕಿ ಬೇಕು. ನಾನೇ ಬರೀತೀನಿ ಬಿಡು."

"ನಿಂಗೆ ಚಿತ್ರ ಬರುತ್ತಾ ಅಪ್ಪಾ?"

"ಇಷ್ಟು ವರ್ಷ ಬಟ್ಟೆ ಮೇಲೆ ಮತ್ತೇನು ಬರೆದೆ?"

ಹಾಗೆ ಐವತ್ತೆಂಟನೇ ವಯಸ್ಸಿನಲ್ಲಿ ಅವನು ವಾಚನಾಲಯದ ಮಹಡಿ ಮೇಲಿನ ಸಂಜೆ ಚಿತ್ರದ ಕ್ಲಾಸಿಗೆ ಸೇರಿದ. ಅಷ್ಟು ಹೊತ್ತು ಮಗಳು ಅಮ್ಮನ ಹತ್ತಿರ ಇರುತ್ತಿದ್ದಳು. ಚಿತ್ರಗಳಲ್ಲೇ ಕಥೆ ಹೇಳುವುದು ಅಲ್ಲಿನ ಪಾಠ. "ನಿಮ್ಮ ಚಿತ್ರ ನೋಡಿದವರು 'ಆಮೇಲೆ?' ಅಂತ ಕೇಳ್ಬೇಕು" ಅನ್ನುತ್ತಿದ್ದರು ಮೇಡಂ. ಅವರಿಗೆ ಇವನ ಮಗಳ ವಯಸ್ಸು.

ಅಯ್ಯೋ, ಇವನ ಅವಸ್ಥೆ ನೋಡಬೇಕಿತ್ತು! ಗೆರೆಯೆಂದರೆ ನೂಲು ಹಿಡಿದ ಹಾಗೆ ನೇರ. ಆದರೆ ಲೋಟ ಬರೀರಿ ಅಂದರೆ ಕಾಗದ ಎರಡಾಗಿ ಮಡಿಸಿ, ಮಡಿಕೆಗೆ ಒತ್ತಿಕೊಂಡು ಅರ್ಧ ಲೋಟ ಬರೆದಿಡುವನು. ಸಾಲದ್ದಕ್ಕೆ ಸುತ್ತ ಅರ್ಧ ಇಂಚು ಹೊಲಿಗೆಗೆ ಬೇರೆ ಬಿಟ್ಟಿರುವನು. ಬಟ್ಟೆ ಮಡಿಸಿ ಅರ್ಧ ಗುರುತು ಹಾಕಿ ಕತ್ತರಿಸಿದರೆ ಬಿಚ್ಚಿದಾಗ ಪೂರ್ತಿ ಬರುತ್ತದಲ್ಲ, ಕೈಗೆ ಅದೇ ರೂಢಿ. ಕ್ಲಾಸಿಗೆ ಕ್ಲಾಸೇ ಬಿದ್ದು ಬಿದ್ದು ನಕ್ಕಿತು, ಅವನೂ ನಕ್ಕ. ಮೇಡಂ ಗದರಿ, ತಿದ್ದಿ, ಮೂರು ತಿಂಗಳಿಗೆ ಲೋಟ, ಕಿಟಕಿ, ಹಾಸಿಗೆ ಪೂರ್ತಿಯಾದವು.

ಒಂದು ದಿನ ಅವಳು ಕಿಟಕಿಯ ಚಿತ್ರದ ಮೇಲೆ ಎಡಗೈ ಬೆರಳಿಟ್ಟಳು. ಓಡಿಹೋಗಿ ಕಿಟಕಿ ತೆರೆದ. ಗಾಳಿ ಬಂತು. ಅವಳು ಕಣ್ಣು ಮುಚ್ಚಿ, "ನಾಳೆ" ಅಂದಳು. ಆ ಖುಷಿಗೆ ಅವನು ಅವತ್ತು ಅಂಗಡಿಯನ್ನೇ ತೆರೆಯಲಿಲ್ಲ.

ಅಷ್ಟರಲ್ಲಿ ಹೊಸ ಸಂಕಟ. ಮಧ್ಯಾಹ್ನವಾದರೆ ಸಾಕು, ಅವಳು ನರಳತೊಡಗಿದಳು. ಎಲ್ಲಿ ನೋವೆಂದು ಡಾಕ್ಟರಿಗೂ ತಿಳಿಯಲಿಲ್ಲ. ಮೇಡಂ ಅಂದರು: "ಇಷ್ಟು ದಿನ ಸಾಮಾನು ಬರೆದ್ರಿ. ಈಗ ಅವರನ್ನೇ ಬರೀರಿ. ನೋವು ಎಲ್ಲಿ ಅಂತ ಅವರೇ ತೋರಿಸಲಿ."

ಭಾನುವಾರ ಅವಳ ಮಂಚದ ಪಕ್ಕದಲ್ಲೇ ಕೂತು ಬರೆದ. ಇಪ್ಪತ್ತಾರು ವರ್ಷ ಕಂಡ ಮುಖ. ಕಣ್ಣು, ಕಿವಿಯ ಓಲೆ, ನಗುವಾಗ ತುಟಿ ಮೇಲಕ್ಕೇಳುವ ರೀತಿ, ಎಲ್ಲ ತಾನಾಗಿ ಬಂತು. ಮೈಮರೆತು ಬರೆದವನಿಗೆ, ಕೈ ಯಾವಾಗಲೋ ಕಾಗದ ಮಡಿಸಿದ್ದು ಗೊತ್ತೇ ಆಗಲಿಲ್ಲ. ಮುಗಿಸಿ, ಹೆಮ್ಮೆಯಿಂದ ಅವಳ ಮುಂದೆ ಹಿಡಿದ.

ಅರ್ಧ ಮುಖ. ಚೆನ್ನಾಗಿರುವ ಅರ್ಧ.

ಅವಳು ಬಹಳ ಹೊತ್ತು ನೋಡಿದಳು. ಆಮೇಲೆ ಎಡಗೈ ಎತ್ತಿ, ಜೋತುಬಿದ್ದ ಕೆನ್ನೆಯನ್ನು ಮುಚ್ಚಿಕೊಂಡಳು.

ಅವನು ಗಡಬಡಿಸಿ ಕಾಗದದ ಮಡಿಕೆ ತೋರಿಸಿದ. "ಅಲ್ಲ ಕಣೇ, ಹಾಗಲ್ಲ! ಇದು ಮಡಿಕೆ ಕಣೇ, ಬಟ್ಟೆ ಮಡಿಸಲ್ವಾ, ಹಾಗೆ! ನಿನ್ನಾಣೆ, ಬಿಡ್ಬೇಕು ಅಂತ ಬಿಟ್ಟಿದ್ದಲ್ಲ!" ಎಷ್ಟು ಹೇಳಿದರೂ ಅವಳು ಕೈ ತೆಗೆಯಲಿಲ್ಲ. ಮಾತು ಹೇಳಲಾರದ್ದನ್ನು ಕತ್ತರಿಯಾದರೂ ಹೇಳೀತೆಂದು, ಅವಳ ಕಣ್ಣೆದುರೇ ಗೆರೆಗುಂಟ ಸರಸರ ಕತ್ತರಿಸಿ, "ಈಗ ನೋಡು, ಪೂರ್ತಿ!" ಅಂತ ಬಿಚ್ಚಿದ.

ಕೆನ್ನೆಯ ಅಂಚು, ಕಿವಿಯ ಅಂಚು ಎರಡೂ ಕಡೆ ಬಂದಿದ್ದವು. ಕಣ್ಣೂ ತುಟಿಯೂ ಬರೆದ ಕಡೆ ಮಾತ್ರ. ಆ ಕಡೆ ಬರೀ ಬಿಳಿ. ಅವನು ಅದನ್ನು ಯೋಚಿಸಿಯೇ ಇರಲಿಲ್ಲ.

ಅವಳು ನಿಧಾನವಾಗಿ ಕೆನ್ನೆಯಿಂದ ಕೈ ತೆಗೆದು, ಆ ಬಿಳಿಯ ಮೇಲೆ ಬೆರಳಿಟ್ಟಳು. ನೋವು ಎಲ್ಲಿ ಅಂತ ಅವನಿನ್ನೂ ಕೇಳಿರಲಿಲ್ಲ.

"ಬರೀತೀನಿ ಕಣೇ, ಈಗಲೇ ಬರೀತೀನಿ" ಅಂದ. ಪೆನ್ಸಿಲ್ ತೆಗೆದುಕೊಂಡ. ಈ ಕಡೆಯದನ್ನೇ ಆ ಕಡೆಗೂ ಇಳಿಸಿದರೆ ಸುಳ್ಳಾಗುತ್ತದೆ, ಇದ್ದ ಹಾಗೆ ಬರೆಯಲು ಕೈ ಏಳದು. ಪೆನ್ಸಿಲ್ ಕಾಗದಕ್ಕೆ ತಾಗಿಸುವನು, ಎತ್ತುವನು. ಹೊರಗೆ ಬಿಸಿಲು ಇಳಿಯುವವರೆಗೂ ಅಷ್ಟೇ ನಡೆಯಿತು.

ಅವಳು ನೋಡಿ ನೋಡಿ, ಅವನ ಕೈಯಿಂದ ಮೆಲ್ಲಗೆ ಪೆನ್ಸಿಲ್ ಬಿಡಿಸಿಕೊಂಡಳು. ಬಂದ ಗಿರಾಕಿಯನ್ನು ಸಮಾಧಾನ ಮಾಡುವ ಅದೇ ದನಿಯಲ್ಲಿ, "ನಾಳೆ" ಅಂದಳು.