ಯಾರೂ ಬಸ್ಸು ಹತ್ತದ ನಿಲ್ದಾಣ ಮತ್ತು ಫಿಲೊಮೆನಾ ತವಾರೆಸ್

ನ್ಯೂಜೆರ್ಸಿಯ ಕಾರ್ಮಿಕ ಇಲಾಖೆಯಲ್ಲಿ ತನಿಖಾಧಿಕಾರಿಗಳಾಗಿ ಹೆಸರು ಮಾಡಿದವರು ಹಲವರಿದ್ದಾರೆ. ಒಂದು ಕಾನೂನನ್ನು ಹೆತ್ತ ಮಗುವಿನಂತೆ ಸಾಕಿದವರು ಶ್ರೀಮತಿ ಫಿಲೊಮೆನಾ ತವಾರೆಸ್ ಅವರೊಬ್ಬರೇ. ನೌಕರರು ಬಸ್ಸು, ರೈಲಿಗೆ ಮಾಡುವ ಖರ್ಚನ್ನು ತೆರಿಗೆ ಹಿಡಿಯುವ ಮೊದಲೇ ಸಂಬಳದಿಂದ ತೆಗೆದಿಡುವ ಖಾತೆಯನ್ನು ಮಾಲೀಕರು ಒದಗಿಸಲೇಬೇಕೆಂಬುದು ಆ ಕಾನೂನು. ಅದಿನ್ನೂ ಮಸೂದೆಯಾಗಿ ತೆವಳುತ್ತಿದ್ದಾಗಲೇ ಅವರು ಶಾಸಕರ ಸಮಿತಿಯ ಮುಂದೆ ನಿಂತು, ಬಸ್ಸಿನ ಕಂಬಿ ಹಿಡಿದೇ ಆಯುಷ್ಯ ಸವೆಸಿದ ತಮ್ಮ ತಾಯಿಯ ಬಗ್ಗೆ ಮಾತನಾಡಿದ್ದರು.

ನಾನು ಅವರ ಕೈಕೆಳಗೆ ಸೇರಿದ ಮೊದಲ ಚಳಿಗಾಲದಲ್ಲಿ ನನ್ನ ತೆಳ್ಳನೆಯ ಕೋಟು ನೋಡಿ, ಮರುದಿನವೇ ತಮ್ಮ ಗಂಡನ ಉಣ್ಣೆಯ ಕೋಟು ತಂದು ಹೊದಿಸಿದರು. ಅದರ ಜೇಬಿನಲ್ಲಿ ಬೆಚ್ಚಗಿನ ಉಪ್ಪುಮೀನಿನ ವಡೆಗಳಿದ್ದವು.

ಆ ಕೋಟು ತೊಟ್ಟೇ ನಾನು ಅವರೊಡನೆ ನ್ಯೂಅರ್ಕ್ ಬಳಿಯ ಒಂದು ಲಾಂಡ್ರಿಗೆ ಹೋದದ್ದು. ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ದೊಡ್ಡ ಕಾರ್ಖಾನೆ ಅದು. ನೌಕರರಿಗೆ ಪ್ರಯಾಣದ ಖಾತೆಯನ್ನೇಕೆ ಒದಗಿಸಿಲ್ಲವೆಂದು ಕೇಳಿದಾಗ ಮಾಲೀಕ ಹಾಲೊರನ್ ನಕ್ಕ.

"ನಮ್ಮೋರು ಬಸ್ಸು ಹತ್ತೋದೇ ಇಲ್ಲ ಮೇಡಂ. ಎಲ್ಲಾ ಇಲ್ಲೇ ಹತ್ರ ಇರ್ತಾರೆ. ತುಂಬಾ ಹತ್ರ."

ಫಿಲೊಮೆನಾ ಹೊರಬಂದು, ಎದುರಿನ ಬಸ್ ನಿಲ್ದಾಣದಲ್ಲಿ ನನ್ನೊಡನೆ ಕುಳಿತರು. ಸಂಜೆ ಪಾಳಿ ಮುಗಿದ ಸೈರನ್ ಕೂಗಿತು. ಯಂತ್ರಗಳು ನಿಂತವು. ಬಾಗಿಲು ಮಾತ್ರ ತೆರೆಯಲಿಲ್ಲ. ಹಾಲೊರನ್ ಒಬ್ಬನೇ ಬಂದು ಹೊರಗಿನಿಂದ ಬೀಗ ಹಾಕಿ ಕಾರು ಹತ್ತಿ ಹೋದ. ಒಳಗಿನ ದೀಪಗಳು ಒಂದೊಂದಾಗಿ ಆರಿದವು. ಗೋಡೆಯ ಕಿಂಡಿಯಿಂದ ಈರುಳ್ಳಿ ಹುರಿಯುವ ವಾಸನೆ ಬಂತು.

ಬಸ್ಸು ಬಂದು ನಿಂತಿತು. ಚಾಲಕ ಬಗ್ಗಿ ನೋಡಿದ. "ಇಲ್ಲೇನಮ್ಮಾ ಕೂತಿದೀರ? ವರ್ಷಗಟ್ಟಲೆ ಇದೇ ರೂಟು ನಂದು. ಇಲ್ಲಿ ಒಂದು ನರಪಿಳ್ಳೆನೂ ಹತ್ತಿದ್ದಿಲ್ಲ."

ಫಿಲೊಮೆನಾ ನನ್ನ ತೋಳು ಬಿಗಿಯಾಗಿ ಹಿಡಿದರು. "ಒಳಗಿರೋರು ಮನೆಗೆ ಹೋಗಲ್ಲ ಕಣಪ್ಪ," ಎಂದು ಪಿಸುಗುಟ್ಟಿ, ಪೊಲೀಸರಿಗೆ ಫೋನು ಮಾಡಿದರು.

ಪೊಲೀಸರು ಬಂದು ಬೀಗ ಒಡೆದು, ನಾವೆಲ್ಲ ಒಳಹೊಕ್ಕಾಗ ಸಾಲುಸಾಲು ಬಿಳಿಯ ಚಾದರಗಳು ಗಾಳಿಯಿಲ್ಲದೆಯೂ ಅಲುಗುತ್ತಿದ್ದವು. ಅವುಗಳ ಕೆಳಗೆ ಬರಿಗಾಲುಗಳು ಕಂಡವು. ಉಸಿರು ಬಿಗಿಹಿಡಿದು ನಿಂತಿದ್ದ ಗ್ವಾಟೆಮಾಲಾದ ಹೆಂಗಸರು ಅವರು. ಪಾಸ್‌ಪೋರ್ಟು ಕಸಿದಿಟ್ಟುಕೊಂಡು, ಹೊರಗೆ ಕಾಲಿಟ್ಟರೆ ಜೈಲು ಎಂದು ಹಾಲೊರನ್ ಹೆದರಿಸಿದ್ದನಂತೆ. ಅಟ್ಟದ ಮೇಲೆ ಅವರ ಹಾಸಿಗೆಗಳಿದ್ದವು. ಮೂಲೆಯ ಹಾಸಿಗೆ ಮಾತ್ರ ಮಡಿಕೆಯೂ ಕೆಡದೆ, ದಿಂಬಿನ ಮೇಲೆ ಬಾಚಣಿಗೆಯೊಂದಿಗೆ, ಖಾಲಿಯಾಗಿತ್ತು.

"ಇದು ಯಾರದಮ್ಮಾ?" ಎಂದರು ಫಿಲೊಮೆನಾ.

ಅವರಲ್ಲಿ ಎಡೆಲ್ಮಿರಾ ಎಂಬಾಕೆ ಹೇಳಿದಳು. "ಹಸಿಂತಾದು ಅಕ್ಕಾ. ಹೋದ ವರ್ಷ ಮನೆಗೆ ಹೋಗ್ತೀನಿ ಅಂತ ಹಟ ಹಿಡಿದ್ಲು. ಎದುರುಗಡೆನೇ ಬಸ್ಸು ಹತ್ತಿಸಿ ಕಳಿಸಿದೆ ಅಂದ್ರು ಯಜಮಾನ್ರು."

ಅಲ್ಲಿ ಒಂದು ನರಪಿಳ್ಳೆಯೂ ಹತ್ತಿದ್ದಿಲ್ಲವೆಂದ ಚಾಲಕನ ಮಾತು ನನಗೆ ನೆನಪಾಯಿತು. ಫಿಲೊಮೆನಾ ಆ ಬಾಚಣಿಗೆಯನ್ನು ಕರವಸ್ತ್ರದಲ್ಲಿ ಸುತ್ತಿ ಪೊಲೀಸರ ಕೈಗಿತ್ತರು.

ಹಾಲೊರನ್‌ಗೆ ಸೆರೆಮನೆಯಾಯಿತು, ಹಸಿಂತಾಳ ವಿಷಯದಲ್ಲಿ ಅವನು ಇಂದಿಗೂ ತುಟಿ ಬಿಚ್ಚಿಲ್ಲ. ಉಳಿದವರಿಗೆ ಫಿಲೊಮೆನಾ ಬೇರೆ ಕೆಲಸ ಹುಡುಕಿಕೊಟ್ಟರು, ಪ್ರಯಾಣದ ಖಾತೆ ತೆರೆಸಿದರು, ಮೊದಲ ದಿನ ಒಬ್ಬೊಬ್ಬರ ಪಕ್ಕದಲ್ಲೂ ತಾವೇ ಬಸ್ಸಿನಲ್ಲಿ ಕುಳಿತು ಇಳಿಯುವ ಜಾಗ ತೋರಿಸಿದರು.

ಕಳೆದ ವಾರ ನಡೆದ ಫಿಲೊಮೆನಾ ಅವರ ನಿವೃತ್ತಿಯ ಬೀಳ್ಕೊಡುಗೆಗೆ ಎಡೆಲ್ಮಿರಾ ತಡವಾಗಿ, ಏದುಸಿರು ಬಿಡುತ್ತಾ ಬಂದಳು. "ಹಾಳಾದ್ ಬಸ್ಸು ಅಕ್ಕಾ, ಕಾದೂ ಕಾದೂ ಸಾಕಾಯ್ತು!" ಎಂದು ಗೊಣಗಿದಾಗ ಫಿಲೊಮೆನಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ಆಕೆಯನ್ನು ಹತ್ತಿರ ಕರೆದು ಮೆಲ್ಲಗೆ, "ಹಸಿಂತಾ ಊರಿಂದ ಏನಾದ್ರೂ ಸುದ್ದಿ?" ಎಂದು ಕೇಳಿದರು. ಎಡೆಲ್ಮಿರಾ ತಲೆಯಾಡಿಸಿದಳು, ಇಲ್ಲವೆಂದು.

ಈ ಹಿರಿಯ ಜೀವಕ್ಕೆ ಆರೋಗ್ಯಭರಿತ ದೀರ್ಘಾಯುಷ್ಯ ಲಭಿಸಲಿ. ವಿಶ್ರಾಂತಿ ಸುಖವಾಗಿರಲಿ ಎಂದು ನಾನು ಹಾರೈಸಲಾರೆ, ಅವರಿಗದು ಬೇಕಿಲ್ಲ. ಗ್ವಾಟೆಮಾಲಾದಲ್ಲಿ ಹಸಿಂತಾಳ ತಾಯಿ ಮಗಳಿಗಾಗಿ ಇನ್ನೂ ಬಾಗಿಲು ತೆರೆದಿಟ್ಟಿದ್ದಾಳೆ, ಮುಂದಿನ ತಿಂಗಳು ಫಿಲೊಮೆನಾ ಅಲ್ಲಿಗೆ ಹೊರಟಿದ್ದಾರೆ.